ಪಾಲುಪಟ್ಟಿಯ ಮೊದಲ ಸಾಲಿನಲ್ಲಿದ್ದ ಅಜ್ಜಿ

ಮಾನ್ಯ ಸಂಪಾದಕರಿಗೆ,

ಕೆಲವು ದಿನಗಳ ಹಿಂದೆ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂಟ್ವಾಳ ಕಡೆಯ ಒಬ್ಬರು ಬರೆದ ಪತ್ರ ಪ್ರಕಟವಾಗಿತ್ತು. ಹಿರಿಯರ ಮನೆಯನ್ನು ಕೆಡವುವ ಮುನ್ನ ಅಟ್ಟದಲ್ಲಿ ಸಿಕ್ಕಿದ ಎರಡು ಗೋಣಿ ಕಾಗದಪತ್ರಗಳನ್ನು ಗುಜರಿಯವನಿಗೆ ತೂಗಿಕೊಟ್ಟುದಾಗಿಯೂ, ಅವುಗಳಲ್ಲಿ ಗೇಣಿ ಲೆಕ್ಕ ಮತ್ತು ಕೋರ್ಟು ವ್ಯಾಜ್ಯಗಳನ್ನು ಬಿಟ್ಟರೆ ಚರಿತ್ರೆಗೆ ಬೇಕಾದದ್ದು ಏನೂ ಇರಲಿಲ್ಲವೆಂದೂ ಅವರು ಬರೆದಿದ್ದರು. ಅದನ್ನು ಓದಿದ ದಿನ ನನಗೆ ಮಧ್ಯಾಹ್ನದ ಊಟ ರುಚಿಸಲಿಲ್ಲ. ನಾನು ಮೂರು ವರ್ಷಗಳಿಂದ ಹುಡುಕಿ, ನನ್ನ ತಾಯಿಯ ಅಜ್ಜಿಯ ಅಜ್ಜಿಯನ್ನು ಕಂಡುಕೊಂಡದ್ದು ಸರಿಯಾಗಿ ಆ ಎರಡರಲ್ಲಿಯೇ, ಅಂದರೆ ಗೇಣಿ ಲೆಕ್ಕದಲ್ಲಿ ಮತ್ತು ಪಾಲಿನ ತಕರಾರಿನ ಕಾಗದಗಳಲ್ಲಿ.

ನಮ್ಮದು ಉಡುಪಿಯ ಸಮೀಪ ಸ್ವರ್ಣಾ ನದಿಯ ಬದಿಯಲ್ಲಿ ಗದ್ದೆ ಮಾಡಿಕೊಂಡಿದ್ದ, ತಾಯಿಯ ಕಡೆಯಿಂದ ವಂಶ ಹಿಡಿಯುವ ಅಳಿಯಸಂತಾನ ಕಟ್ಟಿನ ಕುಟುಂಬ. ಈ ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ದೊಡ್ಡಜ್ಜಿ ಎಂದೇ ಹೇಳುವುದು. ಕುಟುಂಬದವರ ಹೆಸರನ್ನು ಪತ್ರಿಕೆಗೆ ತರುವುದು ಉಚಿತವಲ್ಲವಾದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನನ್ನ ತಾಯಿ ತಮ್ಮ ಅಜ್ಜಿಯಿಂದ ಕೇಳಿ ನಮಗೆ ದಾಟಿಸಿದ ಮಾತುಗಳು ಬಹಳವೇನಿಲ್ಲ. ಕಂಪೆನಿ ಸರಕಾರದ ಮೇಲೆ ರೈತರೆದ್ದ ಕಲ್ಯಾಣಪ್ಪನ ಕಾಟಕಾಯಿ ಎಂಬ ದಂಗೆಯ ಗಲಾಟೆಯಲ್ಲಿ ದೊಡ್ಡಜ್ಜಿ ಮನೆಯ ಕಂಚಿನ ಪಾತ್ರೆಗಳನ್ನು ಬಾವಿಗಿಳಿಸಿ, ಮಗುವನ್ನೆತ್ತಿಕೊಂಡು ಮೂರು ರಾತ್ರಿ ಕಾಡಿನಲ್ಲಿ ಕಳೆದಳಂತೆ. ಪುತ್ತಿಗೆ ಪರ್ಯಾಯದಲ್ಲಿ, ಅಂದರೆ ಉಡುಪಿ ಕೃಷ್ಣನ ಪೂಜೆಯ ಸರದಿ ಪುತ್ತಿಗೆ ಮಠದ್ದಾಗಿದ್ದಾಗ, ಹಿರಿಮಗಳನ್ನು ಹೆತ್ತಳಂತೆ. ಊರಿನಲ್ಲಿ ಎಲ್ಲರಿಗಿಂತ ಮೊದಲು ಮುಳಿಹುಲ್ಲಿನ ಮಾಡು ತೆಗೆಸಿ ಹಂಚು ಹೊದೆಸಿದವಳೂ ಅವಳೇ ಅಂತೆ. ಮಂಗಳೂರಿಗೆ ರೈಲು ಬರುವ ಮೊದಲೇ ತೀರಿಕೊಂಡಳಂತೆ. ಇಷ್ಟನ್ನು ಕಟ್ಟಿಕೊಂಡು ನಾನು ಹೊರಟೆ. ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ಪಾಠ ಮಾಡಿದವಳಿಗೆ ಇಸವಿಗಳ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ ಇರುತ್ತದೆ.

ಸರಕಾರದ ಹಳೆಯ ದಾಖಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಒಬ್ಬ ಹೆಣ್ಣುಮಗಳನ್ನು ಹುಡುಕಹೊರಟವರಿಗೆ ಮೊದಲು ಸಿಗುವುದು ಗಂಡಸರ ಹೆಸರುಗಳೇ. ವರ್ಗದ ಪಟ್ಟೆ, ಅಂದರೆ ಜಮೀನಿನ ಹಕ್ಕುಪತ್ರ, ಯಜಮಾನನ ಹೆಸರಿನಲ್ಲಿ; ತೀರ್ವೆ (ಭೂಕಂದಾಯ) ಕಟ್ಟಿದ ರಶೀದಿ ಯಜಮಾನನ ಹೆಸರಿನಲ್ಲಿ; ಊರಿನ ಜಮೀನುಗಳ ಲೆಕ್ಕವಾದ ಅಡಂಗಲಿನಲ್ಲಿಯೂ ಅವನೇ. ಮದ್ರಾಸ್ ಪ್ರಾಂತ್ಯದಲ್ಲಿ 1871ರಲ್ಲಿಯೂ, ದೇಶಕ್ಕೆಲ್ಲ ಒಂದೇ ದಿನದಂತೆ 1881ರ ಫೆಬ್ರವರಿಯಲ್ಲಿಯೂ ಜನಗಣತಿ ನಡೆಯಿತು. ಆದರೆ ಇಂದು ನಮ್ಮ ಕೈಗೆ ಸಿಗುವುದು ತಾಲೂಕು, ಜಾತಿ, ಕಸುಬುಗಳ ಮೊತ್ತವೇ ಹೊರತು ಮನೆಮನೆಯ ಹೆಸರುಗಳಲ್ಲ. ಆ ಮೊತ್ತದೊಳಗೆ ದೊಡ್ಡಜ್ಜಿ ಒಂದು ಸಂಖ್ಯೆಯಾಗಿ ಇದ್ದೇ ಇದ್ದಾಳೆ, ಅಷ್ಟರಿಂದ ಏನು ಬಂತು? ನಮ್ಮ ನೆರೆಯ ಕ್ರೈಸ್ತ ಕುಟುಂಬಗಳಿಗೆ ಈ ಕಷ್ಟ ಅಷ್ಟಿಲ್ಲ. ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರಿನೊಡನೆ ತಾಯಿಯ ಹೆಸರು, ತಾರೀಕು ಎಲ್ಲವೂ ಇರುತ್ತವೆ. ಹಾಗೆ ಬರೆದಿಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಆದರೆ ನಮ್ಮಲ್ಲಿ ಇನ್ನೊಂದಿತ್ತು. ತುಳುನಾಡಿನ ಅಳಿಯಸಂತಾನದಲ್ಲಿ ಬರಿ, ಅಂದರೆ ಕುಲದ ಹೆಸರು, ಹರಿದುಬರುವುದು ತಾಯಿಯಿಂದ. ಕುಟುಂಬವೆಂದರೆ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಸಂತಾನ. ಯಜಮಾನನು ಎಷ್ಟೇ ದೊಡ್ಡ ಮನುಷ್ಯನಾಗಿದ್ದರೂ ಅವನ ಸ್ವಂತ ಮಕ್ಕಳು ಅವನ ಹೆಂಡತಿಯ ಕುಟುಂಬಕ್ಕೆ ಸೇರಿದವರು. ಕಾಗದದ ಮೇಲೆ ಗಂಡಸಿನ ಹೆಸರು, ಕಾಗದದ ಅಡಿಯಲ್ಲಿ ಹೆಂಗಸಿನ ಬೇರು: ಹೀಗಿದ್ದ ವ್ಯವಸ್ಥೆಯಲ್ಲಿ ಆ ಬೇರನ್ನು ಬರೆದು ತೋರಿಸಬೇಕಾದ ಸಂದರ್ಭ ಬಂದದ್ದು ಪಾಲಾಗುವಾಗ ಮಾತ್ರ. 1863ರಲ್ಲಿ ಮದ್ರಾಸ್ ಹೈಕೋರ್ಟು, ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಹಟ ಹಿಡಿದು ಪಾಲು ಮಾಡಿಸಿಕೊಳ್ಳಲು ಬರುವುದಿಲ್ಲವೆಂದು ತೀರ್ಪು ಕೊಟ್ಟಿತು. ಆ ನಿಲುವು ಹೆಚ್ಚುಕಡಿಮೆ 1949ರವರೆಗೆ ನಿಂತಿತು. ಆ ವರ್ಷದ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರು ಕವರಾಗಿ ಪಾಲು ಕೇಳುವ ಹಕ್ಕನ್ನು ಕೊಟ್ಟಾಗ, ನೂರು ವರ್ಷ ಒಂದೇ ಚಾವಡಿಯಲ್ಲಿ ಕುಳಿತಿದ್ದ ಕುಟುಂಬಗಳು ಸಾಲುಸಾಲಾಗಿ ವಕೀಲರ ಮನೆ ಮೆಟ್ಟಿಲು ಹತ್ತಿದವು. ಕವರು ಎಂದರೆ ಒಬ್ಬ ಸ್ತ್ರೀ, ಅವಳ ಮಕ್ಕಳು, ಮತ್ತು ಹೆಣ್ಣು ಮೂಲಕವಾಗಿ ಅವಳಿಂದ ಇಳಿದುಬಂದವರೆಲ್ಲರೂ. ಕವರುಗಳ ಲೆಕ್ಕ ಹಾಕಬೇಕಾದರೆ ಎಲ್ಲರಿಗೂ ಸಮಾನಳಾದ ಮೂಲ ಸ್ತ್ರೀ ಯಾರೆಂದು ಮೊದಲು ಹೇಳಲೇಬೇಕು.

ಹೀಗಾಗಿ 1950ರ ದಶಕದ ಪಾಲುಪಟ್ಟಿಗಳು, ಅವುಗಳ ಹಿಂದೆ ಹೊಲಿದಿಟ್ಟ ವಂಶವೃಕ್ಷಗಳು, ನಮ್ಮ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನದ ಹೆಂಗಸರನ್ನು ಹುಡುಕುವುದಕ್ಕೆ ಇರುವ ಅತ್ಯುತ್ತಮ ದಾಖಲೆಗಳೆಂದು ನನ್ನ ಅಭಿಪ್ರಾಯ. ಈ ಮಾತನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನೂರಾರು ವರ್ಷಗಳ ಓಲೆಗರಿ ಸಿಕ್ಕರೆ ಜೋಪಾನ ಮಾಡುವ ಜನರೇ, ತಮ್ಮ ಮಾವಂದಿರ ಜಗಳದ ಕಾಗದವೆಂದರೆ ಮುಖ ಸಿಂಡರಿಸಿ ಎಸೆಯುತ್ತಾರೆ. ನಮ್ಮ ಪಾಲುಪಟ್ಟಿ ಹನ್ನೊಂದು ಹಾಳೆ. ಮೊದಲ ಹಾಳೆಯ ಮೊದಲ ಸಾಲಿನಲ್ಲಿಯೇ ದೊಡ್ಡಜ್ಜಿಯ ಹೆಸರು "ನಮ್ಮ ಕುಟುಂಬದ ಮೂಲ ಸ್ತ್ರೀ" ಎಂಬ ವಿಶೇಷಣದೊಂದಿಗೆ ಇದೆ. ಅವಳ ಕೆಳಗೆ ಮೂವರು ಹೆಣ್ಣುಮಕ್ಕಳು. ಅವರಲ್ಲಿ ಮೂರನೆಯವಳ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ. ಅವಳಿಗೆ ಗಂಡುಮಕ್ಕಳಷ್ಟೇ ಇದ್ದುದರಿಂದ ಕಾಯ್ದೆಯ ಭಾಷೆಯಲ್ಲಿ ಅದು "ನಿಸ್ಸಂತತಿ ಕವರು". ಐವತ್ತು ದಾಟದ ಒಬ್ಬ ಹೆಂಗಸಾದರೂ ಇಲ್ಲದ ಕವರಿಗೆ ಆ ಹೆಸರು. ನಾಲ್ಕು ಗಂಡುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಹೆಂಗಸಿನ ಮನೆ ಕಡೆಗೆ ನಿಸ್ಸಂತತಿಯಾಯಿತು! ಬೇರೆ ಕಡೆ ಹೆಣ್ಣು ಹುಟ್ಟಿದರೆ ವಂಶ ಮುಗಿಯಿತೆನ್ನುವ ಕಾಲದಲ್ಲಿ ನಮ್ಮಲ್ಲಿ ಹೀಗೊಂದು ಲೆಕ್ಕವಿತ್ತು.

ಹೆಸರು ಸಿಕ್ಕಿತು, ಕಾಲ ಸಿಗಲಿಲ್ಲ. ಕಾಲ ಸಿಕ್ಕಿದ್ದು ಕಡತದಲ್ಲಿ. ಇಂದು ಕಚೇರಿಯಲ್ಲಿ ಯಾವ ಫೈಲನ್ನಾದರೂ ಕಡತವೆನ್ನುತ್ತೇವೆ. ನಿಜವಾದ ಕಡತವನ್ನು ನೋಡಿದವರು ಕಡಿಮೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಚಿ ಇಡುವ ಕಪ್ಪು ಪುಸ್ತಕ ಅದು. ಬರೆಯುವುದು ಬಿಳಿಯ ಬಳಪದಿಂದ. ನಮ್ಮ ಮನೆಯ ಒಂದು ಕಡತ ಭತ್ತದ ಪತ್ತಾಯದ ಹಿಂದೆ ಗೋಡೆಗೆ ಒರಗಿಕೊಂಡಿತ್ತು. ತೇವ ತಾಗಿ ಅಕ್ಷರಗಳು ಮಾಸಿದ್ದವು. ಹಗಲಿನ ಬೆಳಕಿನಲ್ಲಿ ಏನೂ ಕಾಣದು. ರಾತ್ರಿ ದೀಪವಾರಿಸಿ, ಟಾರ್ಚನ್ನು ಬದಿಯಿಂದ ಮಲಗಿಸಿ ಹಿಡಿದರೆ ಬಳಪದ ಗೆರೆಗಳು ಒಂದೊಂದೇ ಏಳುತ್ತವೆ. ನನ್ನ ಮಗಳು ಟಾರ್ಚು ಹಿಡಿದು, ನಾನು ಮೋಡಿ ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿ, ಒಂದು ಪುಟಕ್ಕೆ ಒಂದು ರಾತ್ರಿಯಂತೆ ಮುಗಿಸಿದೆವು. ಅದೆಲ್ಲವೂ ದೊಡ್ಡಜ್ಜಿಯ ಅಣ್ಣ ಬರೆದ ಲೆಕ್ಕ: ಯಾವ ಗದ್ದೆಯಿಂದ ಎಷ್ಟು ಮುಡಿ ಗೇಣಿ ಬಂತು, ಎಷ್ಟು ಬಾಕಿ, ಕಟ್ಟ ಕಟ್ಟಿದ ಕೂಲಿ ಎಷ್ಟು. ಅದರ ನಡುವೆ ಒಂದು ಸಾಲು: "ರಕ್ತಾಕ್ಷಿ ಸಂ|| ಸೋಣ ತಿಂಗಳು, ತಂಗಿಯ ಬಾಣಂತನದ ಬಾಬ್ತು ಅಕ್ಕಿ ಮುಡಿ 1, ಬೆಲ್ಲ, ಕರಿಮೆಣಸು, ಎಣ್ಣೆ." ಒಂದು ಮುಡಿಯೆಂದರೆ ನಲವತ್ತೆರಡು ಸೇರು. ಹೆಸರಿಲ್ಲ, ಮಗು ಗಂಡೋ ಹೆಣ್ಣೋ ಎಂದಿಲ್ಲ, ತಂಗಿ ಖರ್ಚಿನ ಬಾಬ್ತಾಗಿ ಮಾತ್ರ ಇದ್ದಾಳೆ.

ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಆದ್ದರಿಂದ ರಕ್ತಾಕ್ಷಿಯೆಂದರೆ 1804 ಆಗಬಹುದು, 1864 ಆಗಬಹುದು, 1924 ಆಗಬಹುದು. ಇಲ್ಲಿ ತಾಯಿ ಹೇಳುತ್ತಿದ್ದ ಪುತ್ತಿಗೆ ಪರ್ಯಾಯದ ಮಾತು ನೆರವಿಗೆ ಬಂತು. ಉಡುಪಿಯ ಎಂಟು ಮಠಗಳ ಎರಡೆರಡು ವರ್ಷದ ಪರ್ಯಾಯ 1522ರಿಂದ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಕ್ರಮದಲ್ಲಿ ನಡೆದುಬಂದಿದೆ. ಒಂದು ಮಠಕ್ಕೆ ಸರದಿ ತಿರುಗಿ ಬರುವುದು ಹದಿನಾರು ವರ್ಷಕ್ಕೆ. 2024ರಲ್ಲಿ ಪುತ್ತಿಗೆ ಪರ್ಯಾಯವಾದದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿಂದ ಹದಿನಾರು ಹದಿನಾರಾಗಿ ಹಿಂದಕ್ಕೆ ಇಳಿದರೆ 1880, 1864, 1848 ಸಿಗುತ್ತವೆ. 1804 ಮತ್ತು 1924 ಎರಡೂ ಪುತ್ತಿಗೆಯ ಅವಧಿಗೆ ಹೊರಗೆ ಬೀಳುತ್ತವೆ. ಸಂವತ್ಸರವೂ ಪರ್ಯಾಯವೂ ಒಂದರ ಮೇಲೊಂದು ಕೂಡುವುದು 1864ರಲ್ಲಿ ಮಾತ್ರ. ಸೋಣವೆಂದರೆ ಆ ವರ್ಷದ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ. ಹಿರಿಯರು "ಇಂಥ ಮಠದ ಪರ್ಯಾಯದಲ್ಲಿ" ಎಂದು ಹೇಳುವುದನ್ನು ಭಕ್ತಿಯ ಮಾತೆಂದು ನಕ್ಕು ಬಿಡುವವರು ಗಮನಿಸಬೇಕು: ಉಡುಪಿ ಸೀಮೆಯಲ್ಲಿ ಅದು ಕ್ಯಾಲೆಂಡರು.

ಹಿರಿಮಗಳು 1864ರಲ್ಲಿ ಹುಟ್ಟಿದಳೆಂದರೆ, ಆ ಕಾಲದ ರೂಢಿಯಂತೆ ತಾಯಿಗೆ ಆಗ ಹದಿನೇಳು ಹದಿನೆಂಟು. ದೊಡ್ಡಜ್ಜಿ ಹುಟ್ಟಿದ್ದು 1846ರ ಆಸುಪಾಸಿನಲ್ಲಿ. ಹಾಗಾದರೆ ಕಲ್ಯಾಣಪ್ಪನ ಕಾಟಕಾಯಿಯ ಕಥೆ ಏನಾಯಿತು?

ಆ ದಂಗೆ ನಡೆದದ್ದು 1837ರಲ್ಲಿ. 1834ರಲ್ಲಿ ಕೊಡಗನ್ನು ಕಂಪೆನಿ ಸರಕಾರ ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ ಮತ್ತು ಪುತ್ತೂರು ಕಡೆಯ ಮಾಗಣೆಗಳು (ಗ್ರಾಮಗಳ ಗುಂಪುಗಳು) ಕೆನರಾ ಜಿಲ್ಲೆಗೆ ಸೇರಿದವು; ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೋಖಿನಲ್ಲಿ ಕಟ್ಟಬೇಕಾಯಿತು. ರೈತರಿಗೆ ರೋಖು ಎಲ್ಲಿಂದ ಬರಬೇಕು? ಸುಳ್ಯದಿಂದೆದ್ದ ದಂಡು ಪುತ್ತೂರು, ಬಂಟ್ವಾಳಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಸುಮಾರು ಎರಡು ವಾರ ನಗರ ಅವರ ಕೈಯಲ್ಲಿತ್ತು. ಬಾವುಟಗುಡ್ಡೆಯ ಹೆಸರಿನಲ್ಲಿ ಅದರ ನೆನಪು ಉಳಿದಿದೆ. ಆಮೇಲೆ ಕಣ್ಣೂರಿನ ಕಡೆಯಿಂದ ಸೈನ್ಯ ಬಂತು, ಮುಂದಾಳುಗಳಿಗೆ ಗಲ್ಲಾಯಿತು. ಇದೆಲ್ಲ ಮುಗಿದು ಒಂಬತ್ತು ವರ್ಷಗಳ ಮೇಲೆ ಹುಟ್ಟಿದ ದೊಡ್ಡಜ್ಜಿ ಪಾತ್ರೆಗಳನ್ನು ಬಾವಿಗಿಳಿಸಿರಲು ಸಾಧ್ಯವಿಲ್ಲ. ನನಗೆ ಒಂದು ವಾರ ಬೇಸರವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. 1837ರ ದಂಗೆಯನ್ನು ಕಣ್ಣಾರೆ ಕಂಡ ಅಜ್ಜಿಯೊಬ್ಬಳು ಇದ್ದಾಳೆಂದು ಅಷ್ಟು ಹೊತ್ತಿಗೆ ನಾನು ಹಲವರ ಮುಂದೆ ಹೇಳಿಯೂ ಆಗಿತ್ತು.

ಆದರೆ ಆಮೇಲೆ ಹೊಳೆದ ಸಂಗತಿ ಬೇರೆ. ದಂಡು ಹೋದ ದಾರಿಯಲ್ಲಿ ನಮ್ಮ ಉಡುಪಿ ಸೀಮೆ ಬರುವುದೇ ಇಲ್ಲ. ಸ್ವರ್ಣಾ ನದಿಯ ಬದಿಯಲ್ಲಿ ಹುಟ್ಟಿ ಬೆಳೆದವರಿಗೆ ಕಾಡಿನಲ್ಲಿ ಅಡಗಬೇಕಾದ ಪ್ರಮೇಯವಿರಲಿಲ್ಲ. ಅಂದಮೇಲೆ ಈ ಕಥೆ ಹುಟ್ಟಿದ್ದು ಇಲ್ಲಲ್ಲ, ಆ ದಾರಿಯಲ್ಲಿದ್ದ ಯಾವುದೋ ಮನೆಯಲ್ಲಿ. ಅದನ್ನು ಹೊತ್ತು ತಂದವಳು ದೊಡ್ಡಜ್ಜಿಯ ತಾಯಿ. ಮತ್ತೆ ಕಡತಕ್ಕೆ ಹೋದೆ. ಮೊದಲು ಓದಿದಾಗ ಸುಮ್ಮನೆ ದಾಟಿಬಿಟ್ಟಿದ್ದ ಒಂದು ಬಾಬ್ತು ವರ್ಷ ವರ್ಷವೂ ಬರುತ್ತಿತ್ತು: "ಮೂಲದ ಮನೆಗೆ, ನೇಮದ ಕಾಣಿಕೆ" (ನೇಮವೆಂದರೆ ದೈವಕ್ಕೆ ನಡೆಸುವ ಉತ್ಸವ), ಅದರೊಡನೆ ನೇತ್ರಾವತಿಯ ಬದಿಯ ಒಂದು ಗ್ರಾಮದ ಹೆಸರು. ಬಂಟ್ವಾಳದಿಂದ ದೂರವಿಲ್ಲ. ತಪ್ಪಾದ ಕಥೆ ಸರಿಯಾದ ಊರನ್ನು ತೋರಿಸಿಕೊಟ್ಟಿತು.

ಇಲ್ಲಿ ಒಂದು ಮಾತನ್ನು ಬದಿಗಿಟ್ಟು ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ ನಾಗಮೂಲ (ಕುಟುಂಬದ ಮೂಲ ನಾಗಸ್ಥಾನ) ಹುಡುಕುವವರು, ಆದಿಸ್ಥಳ ಹುಡುಕುವವರು ಸಾಮಾನ್ಯವಾಗಿ ಹೋಗುವುದು ಪ್ರಶ್ನೆಯಿಡುವ ಜೋಯಿಸರ ಬಳಿಗೆ. ಯಾರ ನಂಬಿಕೆಯ ಮೇಲೂ ನನಗೆ ತಕರಾರಿಲ್ಲ. ನಮ್ಮ ಮನೆಯಲ್ಲಿಯೂ ಎರಡು ಸಲ ಪ್ರಶ್ನೆಯಾಗಿದೆ, ಎರಡು ಸಲವೂ ಬೇರೆ ಬೇರೆ ದಿಕ್ಕು ಬಂದಿದೆ. ಅಷ್ಟಕ್ಕೇ ನಿಲ್ಲದೆ ಮನೆಯ ಹಳೆಯ ಲೆಕ್ಕವನ್ನೂ ಒಮ್ಮೆ ತೆರೆದು ನೋಡಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ. ಹಾಗೆಯೇ ಬರಿ ಒಂದೇ ಆದಮಾತ್ರಕ್ಕೆ ಮೂಲವೂ ಒಂದೇ ಎಂದು ತೀರ್ಮಾನಿಸುವುದೂ ಅವಸರವೇ. ಒಂದೇ ಬರಿಯವರು ಇಡೀ ತುಳುನಾಡಿನಲ್ಲಿ ಹರಡಿಕೊಂಡಿದ್ದಾರೆ. ಬರಿ ಕೂಡಿ, ಅದರ ಮೇಲೆ ವರ್ಷ ವರ್ಷ ಕಾಣಿಕೆ ಹೋದ ಲೆಕ್ಕವೂ ಕೂಡಿದರೆ ಆಗ ಮಾತು ಗಟ್ಟಿಯಾಗುತ್ತದೆ.

ಹಂಚಿನ ಕಥೆಯನ್ನು ಬೇಗ ಮುಗಿಸುತ್ತೇನೆ. ನಮ್ಮ ಹಳೆಯ ಮನೆಯ ಮಾಡಿನ ಹಂಚುಗಳ ಮೇಲೆ ಬಾಸೆಲ್ ಮಿಶನ್ನಿನ ಮುದ್ರೆ, ಅದರೊಡನೆ 1865 ಎಂಬ ಅಂಕಿ ಇದೆ. ಮನೆಗೆ ಹಂಚು ಹೊದೆಸಿದ್ದು ಅದೇ ವರ್ಷವೆಂದು ನನ್ನ ಮಾವ ಸಾಯುವ ತನಕ ವಾದಿಸುತ್ತಿದ್ದರು. 1865 ಎಂಬುದು ಪ್ಲೆಬ್ಸ್ಟ್ ಎಂಬ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮೊದಲ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಅಂಗಡಿ ಬೋರ್ಡಿನ ಮೇಲೆ ಸ್ಥಾಪನೆಯ ಇಸವಿ ಬರೆಯುವಂತೆ ಆ ಅಂಕಿಯನ್ನು ದಶಕಗಳ ಕಾಲ ಹಂಚಿಗೆ ಒತ್ತುತ್ತಿದ್ದರು. ಹಂಚು ಹೊದೆಸಿದ್ದು ದೊಡ್ಡಜ್ಜಿಯಲ್ಲ, ಅವಳ ಹೆಸರನ್ನೇ ಇಟ್ಟುಕೊಂಡಿದ್ದ ಮೊಮ್ಮಗಳು, ಅಂದರೆ ನನ್ನ ತಾಯಿಯ ಅಜ್ಜಿ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಮನೆಗಳಲ್ಲಿ ಇಬ್ಬರು ಹೆಂಗಸರ ಬದುಕು ಬಾಯಿಮಾತಿನಲ್ಲಿ ಒಬ್ಬಳದಾಗಿಬಿಡುತ್ತದೆ.

ಇಷ್ಟಾದ ಮೇಲೆ ನಾನು ದೊಡ್ಡಜ್ಜಿಯ ಆಯುಷ್ಯದ ಪಕ್ಕದಲ್ಲಿ ನಾಡಿನ ಘಟನೆಗಳನ್ನು ಬರೆಯುತ್ತ ಹೋದೆ. ಅವಳು ಹುಟ್ಟುವ ಮೂರು ವರ್ಷ ಮೊದಲು, 1843ರ ಜುಲೈ 1ರಂದು, ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅವಳಿಗೆ ಹದಿನಾರಾಗಿದ್ದಾಗ, 1862ರಲ್ಲಿ, ಕೆನರಾ ಒಡೆದು ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಈ ಎರಡರಲ್ಲಿ ಯಾವುದೂ ಅವಳಿಗೆ ಗೊತ್ತಾಗಿರಲಾರದು. ಓದಲು ಬಾರದವಳಿಗೆ ಪತ್ರಿಕೆಯೇನು, ಉತ್ತರ ಗಡಿಯಿಂದ ದೂರವಿದ್ದವಳಿಗೆ ಜಿಲ್ಲೆಯ ಗಡಿಯೇನು? ಪೂರ್ವಜರ ಚರಿತ್ರೆ ಬರೆಯುವವರು ದೊಡ್ಡ ಘಟನೆಗಳನ್ನೆಲ್ಲ ತಂದು ಅಜ್ಜಿಯ ಸೆರಗಿಗೆ ಕಟ್ಟುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಆದರೆ 1876ರಿಂದ 78ರವರೆಗಿನ ಬರ ಅವಳ ಅಂಗಳಕ್ಕೇ ಬಂತು. ಮೈಸೂರು ಸೀಮೆಯಲ್ಲಿಯೂ ಮದ್ರಾಸಿನ ಒಣ ಜಿಲ್ಲೆಗಳಲ್ಲಿಯೂ ಲಕ್ಷಗಟ್ಟಲೆ ಜನರನ್ನು ಕೊಂದ ಧಾತು-ಈಶ್ವರ ಸಂವತ್ಸರಗಳ ಬರ ಅದು. ಘಟ್ಟದ ಮೇಲಿನಿಂದ ಇಳಿದು ಬಂದವರಿಗೆ ಅಂಗಳದಲ್ಲಿ ಗಂಜಿ ಹಾಕಿದ ಮಾತು ನಮ್ಮ ಮನೆಯಲ್ಲಿತ್ತು. ಕಡತದಲ್ಲಿ ಈಶ್ವರ ಸಂವತ್ಸರದ ಪುಟದಲ್ಲಿ "ಗಂಜಿ ಬಾಬ್ತು" ಎಂದು ಅಕ್ಕಿಯ ಲೆಕ್ಕವಿದೆ. ಅದೇ ಪುಟದಲ್ಲಿ ಅಕ್ಕಿಯನ್ನು ಏರಿದ ಕ್ರಯಕ್ಕೆ ಮಾರಿದ ಲೆಕ್ಕವೂ ಇದೆ. ಎರಡನ್ನೂ ಓದಿದ್ದೇನೆ, ಎರಡನ್ನೂ ಹೇಳುತ್ತಿದ್ದೇನೆ.

ಕಡತದಲ್ಲಿ ಇನ್ನೊಂದು ಪಟ್ಟಿಯಿದೆ. ಅದನ್ನು ಬಿಟ್ಟು ಈ ಪತ್ರ ಮುಗಿಸಿದರೆ ಮನಸ್ಸಿಗೆ ಸಮಾಧಾನವಾಗದು. ಗದ್ದೆಯಲ್ಲಿ ದುಡಿದ ಮೂಲದ ಆಳುಗಳ, ಅಂದರೆ ಮನೆಗೆ ಕಟ್ಟುಬಿದ್ದ ಜೀತದಾಳುಗಳ, ಹೆಸರುಗಳು, ಒಬ್ಬೊಬ್ಬರಿಗೆ ಕೊಟ್ಟ ಭತ್ತದ ಅಳತೆ, ವರ್ಷಕ್ಕೊಮ್ಮೆ ಕೊಟ್ಟ ಬಟ್ಟೆ. ಗುಲಾಮಗಿರಿಯನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡಬಾರದೆಂದು 1843ರಲ್ಲಿಯೇ ಕಾಯ್ದೆಯಾಗಿತ್ತು. ಇಪ್ಪತ್ತು ವರ್ಷಗಳ ಮೇಲೆಯೂ ನಮ್ಮ ಕಡತದಲ್ಲಿ ಅವರು "ಮೂಲದವರು". ಗಮನಿಸಬೇಕಾದದ್ದು ಏನೆಂದರೆ, ಆ ಪಟ್ಟಿಯಲ್ಲಿ ಹೆಂಗಸರಿಗೂ ಹೆಸರುಗಳಿವೆ, ಏಕೆಂದರೆ ಅವರೂ ಆಳುಗಳು. ಮನೆಯ ತಂಗಿಗೆ ಹೆಸರಿಲ್ಲದ ಪುಸ್ತಕದಲ್ಲಿ ಗದ್ದೆಯ ಹೆಂಗಸಿಗೆ ಹೆಸರಿದೆ. ಅವರ ಸಂತಾನದವರಿಗೆ ಪಾಲುಪಟ್ಟಿ ಇಲ್ಲ, ಪಟ್ಟೆ ಇಲ್ಲ, ಮೂಲಗೇಣಿ (ಶಾಶ್ವತ ಗೇಣಿ) ಪತ್ರವಿಲ್ಲ. ಅವರ ಹಿರಿಯರ ಹೆಸರು ಲಿಖಿತವಾಗಿ ಎಲ್ಲಿಯಾದರೂ ಉಳಿದಿದ್ದರೆ ಅದು ಬೇರೆಯವರ ಮನೆಯ ಅಟ್ಟದಲ್ಲಿ. ನಾನು ಆ ಪಟ್ಟಿಯನ್ನು ಪ್ರತಿ ಮಾಡಿ, ನಮ್ಮೂರಿನಲ್ಲಿಯೇ ಇರುವ ಎರಡು ಮನೆಯವರಿಗೆ ಕೊಟ್ಟೆ. ಒಬ್ಬರು ತೆಗೆದುಕೊಂಡು ಮಾತಿಲ್ಲದೆ ಒಳಗೆ ಹೋದರು. ಇನ್ನೊಂದು ಮನೆಯ ಹುಡುಗಿ, ಕಾಲೇಜಿಗೆ ಹೋಗುವವಳು, ಒಂದು ಹೆಸರಿನ ಮೇಲೆ ಬೆರಳಿಟ್ಟು "ಟೀಚರೇ, ಇದು ನಮ್ಮ ಅಜ್ಜಿಯ ಹೆಸರು ಕೂಡ" ಎಂದಳು.

ದೊಡ್ಡಜ್ಜಿ ಸ್ವತಃ ಒಂದೇ ಒಂದು ಕಾಗದದಲ್ಲಿ ಮುಂದೆ ಬಂದು ನಿಲ್ಲುತ್ತಾಳೆ. ಅಳಿಯಸಂತಾನದಲ್ಲಿ ಗಂಡು ಹಿರಿಯನಿಲ್ಲದಾಗ ಹಿರಿಯ ಹೆಂಗಸೂ ಯಜಮಾನಿಕೆ ನಡೆಸಬಹುದಿತ್ತು. ಅವಳಿಗೆ ಯಜಮಾನ್ತಿ ಎನ್ನುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಕೆಲವು ವರ್ಷ ಅವಳು ಯಜಮಾನ್ತಿಯಾಗಿದ್ದಳೆಂದು ಗೊತ್ತಾದದ್ದು 1880ರ ದಶಕದ ಒಂದು ಮೂಲಗೇಣಿ ಪತ್ರದಿಂದ. 1860ರ ದಶಕದ ನಡುವೆ ದಸ್ತಾವೇಜು ನೋಂದಣಿಯ ಕಾಯ್ದೆ ಬಂದ ಮೇಲೆ ಇಂಥ ಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳಲ್ಲಿ ನಕಲಾಗಿ ಉಳಿದಿವೆ. ಮೂಲ ಪ್ರತಿ ನಮ್ಮಲ್ಲಿಯೇ ಇತ್ತು. ರಾಣಿಯ ಮುಖದ ಛಾಪಾ ಕಾಗದ. ಬರೆದವನ ಅಕ್ಷರ ಮುತ್ತಿನಂತಿದೆ, ಚೌಹದ್ದಿಯ (ಜಾಗದ ನಾಲ್ಕು ಗಡಿಗಳ) ವಿವರಣೆಯೇ ಅರ್ಧ ಪುಟ. ಕೊನೆಯಲ್ಲಿ ಅವಳ ಹೆಸರು, "ಇವಳ ಗುರುತು" ಎಂಬ ಮಾತು, ಅದರ ನಡುವೆ ಅವಳೇ ಲೇಖಣಿ ಹಿಡಿದು ಎಳೆದ ಒಂದು ಉರುಟು ಗೆರೆ. ಗೆರೆ ಆರಂಭವಾದಲ್ಲಿ ಮಸಿ ದಪ್ಪಗೆ ನಿಂತಿದೆ, ಸುತ್ತಿಕೊಂಡು ಬಂದು ಕೂಡುವಲ್ಲಿ ಸ್ವಲ್ಪ ತಪ್ಪಿ ಹೊರಗೆ ಹೋಗಿದೆ. ಅದು ಬಳೆಯೋ, ಬರಿಯ ಸೊನ್ನೆಯೋ ನಾನು ಹೇಳಲಾರೆ. ನನ್ನ ಹತ್ತಿರ ಅವಳ ಕೈಯದ್ದೆಂದು ಇರುವುದು ಅದೊಂದೇ.

ಅವಳು ಸತ್ತ ದಿನ ಗೊತ್ತಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಜನನ ಮರಣ ನೋಂದಣಿಯ ಕಾಯ್ದೆ 1899ರಲ್ಲಿ ಬಂತು. ಅದರಂತೆ ಪಟೇಲರು ಬರೆದ ಪುಸ್ತಕದಲ್ಲಿ ಅವಳ ಸಾಲು ಇದೆ: ಜ್ವರ, ವಯಸ್ಸು 60. ಹಳೆಯ ಪುಸ್ತಕಗಳಲ್ಲಿ ಮುದುಕರೆಲ್ಲ ಐವತ್ತು, ಅರುವತ್ತು, ಎಪ್ಪತ್ತಕ್ಕೇ ಸಾಯುತ್ತಾರೆ. ನಡುವಿನ ಅಂಕಿಗಳನ್ನು ಕೇಳಿ ಬರೆಯುವ ತಾಳ್ಮೆ ಪಟೇಲರಿಗಿರಲಿಲ್ಲ. ಆದುದರಿಂದ ಆ ಅರುವತ್ತನ್ನು ನಂಬಿ ಹುಟ್ಟಿದ ವರ್ಷ ಲೆಕ್ಕ ಹಾಕಬಾರದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಪುತ್ತಿಗೆ ಪರ್ಯಾಯದ ಮಾತಿನಂತೆ ಈ ಮಾತೂ ಮನೆಯಲ್ಲಿ ಹೇಳಿದಂತೆಯೇ ಸರಿಯಾಗಿತ್ತು.

ನಾನು ಅಲೆದ ಕಚೇರಿಗಳ ಪೈಕಿ ಒಂದರಲ್ಲಿ, ಅದರ ಹೆಸರು ಬೇಡ, 1870ರ ದಶಕದ ನೋಂದಣಿ ಪತ್ರಗಳ ಹೆಸರುಪಟ್ಟಿಯ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಾಗ ಅರ್ಧಕ್ಕರ್ಧ ಒರಲೆಯ ಪಾಲಾಗಿತ್ತು. ಪುಟ ತಿರುಗಿಸಿದರೆ ಹಾಳೆ ಪುಡಿಯಾಗಿ ಉದುರುತ್ತದೆ. ಅಲ್ಲಿದ್ದ ನೌಕರರು ಸಜ್ಜನರು, ಅವರಿಗೂ ಬೇಸರವಿತ್ತು, ಆದರೆ ಅವರ ಕೈಯಲ್ಲಿ ಏನೂ ಇಲ್ಲ. 2004ರಿಂದ ಈಚಿನ ಋಣಭಾರ ವಿವರಗಳನ್ನು ನಾವು ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿ ನೋಡಬಹುದಾಗಿದೆ. ಜಾಗದ ವ್ಯಾಪಾರಕ್ಕೆ ಅಷ್ಟು ಸಾಕು ಎಂಬ ಭಾವನೆಯಿರಬಹುದು. ಎಲ್ಲ ಪುಸ್ತಕಗಳ ಎಲ್ಲ ಪುಟಗಳನ್ನೂ ತೆಗೆಯಲಾಗದಿದ್ದರೆ, ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಕಚೇರಿಗಳಲ್ಲಿರುವ 1900ಕ್ಕಿಂತ ಹಿಂದಿನ ಹೆಸರುಪಟ್ಟಿಗಳ ಚಿತ್ರಗಳನ್ನಾದರೂ ಮೊದಲು ತೆಗೆದಿಡುವಂತೆ ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಮುಂದಿನ ಮಳೆಗಾಲದೊಳಗೆ ಮಾಡಿದರೆ ಒಳ್ಳೆಯದು.

ನಾನು ನೇತ್ರಾವತಿಯ ಬದಿಯ ಮೂಲದ ಮನೆಗೂ ಹೋಗಿ ಬಂದೆ. ಎಂಬತ್ತೇಳು ವರ್ಷದ ಅಮ್ಮನೊಬ್ಬರು ಚಾವಡಿಯಲ್ಲಿ ಕುಳಿತಿದ್ದರು. ನಾನು ಯಾರೆಂದು ಹೇಳಿದಾಗ, ಬಡಗು ಕಡೆಗೆ ಹೋದ ಒಬ್ಬ ತಂಗಿಯ ಸಂತಾನ ಉಂಟೆಂದು ಅವರ ಅಜ್ಜಿ ಹೇಳುತ್ತಿದ್ದರೆಂದರು. ಬಾವಿಯನ್ನೂ ತೋರಿಸಿದರು. ದೊಡ್ಡಜ್ಜಿಯ ತಾಯಿಯ ಹೆಸರು ಮಾತ್ರ ಅವರಿಗೂ ಗೊತ್ತಿಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರ ಡಿಕ್ಲರೇಶನ್ ಮುಗಿದು ಗದ್ದೆಗಳು ಅವರಿಗೆ ಹೋದ ಮೇಲೆ, ಇನ್ನು ಈ ಲೆಕ್ಕಗಳೆಲ್ಲ ಯಾಕೆಂದು ಆ ಮನೆಯ ಕಡತಗಳನ್ನೂ ಪತ್ರಗಳನ್ನೂ ನೆಂಟರ ಒಂದು ಮನೆಯ ಅಟ್ಟಕ್ಕೆ ಸಾಗಿಸಿದ್ದರಂತೆ. ಆ ನೆಂಟರ ಮನೆ ಯಾವುದೆಂಬುದು ಅಮ್ಮನಿಗೆ ನೆನಪಾಗಲಿಲ್ಲ. ಹೊಳೆಯಿಂದ ಮೇಲಕ್ಕೆ, ಎಂದು ಮಾತ್ರ ಹೇಳಿದರು.

ಆದುದರಿಂದ, ಗೋಣಿಗಳನ್ನು ತೂಗಿಕೊಟ್ಟ ಆ ಓದುಗರಲ್ಲಿ ನನ್ನದೊಂದು ವಿನಂತಿ. ಅವರ ಮನೆ ಇದೇ ಆಗಿರಬೇಕೆಂದೇನೂ ಇಲ್ಲ. ಆದರೆ ಗುಜರಿಯವನು ಮಾಲನ್ನು ಇನ್ನೂ ಸಾಗಿಸಿರದಿದ್ದರೆ, ಅಂಗಡಿ ಯಾವುದೆಂದು ದಯವಿಟ್ಟು ತಮ್ಮ ಕಚೇರಿಗೆ ತಿಳಿಸಲಿ. ತೂಕದ ಹಣವನ್ನು ಕೊಟ್ಟು, ಆಟೋ ಮಾಡಿಕೊಂಡು ನಾನೇ ಬಂದು ಎರಡೂ ಗೋಣಿಗಳನ್ನು ತೆಗೆದುಕೊಂಡು ಹೋಗುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಹೈಸ್ಕೂಲು ಅಧ್ಯಾಪಕಿ, ಉಡುಪಿ